ಬೆಳ್ಳಿಯ ಬಾಣ, ಕಲ್ಲಿನ ಬಿಲ್ಲು

ಅರಸೀಕೆರೆಯಲ್ಲಿ ರೈಲಿಳಿದು ಬೇಲೂರು ಹಳೇಬೀಡುಗಳಿಗೆ ಹೋಗುವ ಯಾತ್ರಿಕರು ಮದನಿಕೆಯರ ಒಡವೆಗಳನ್ನೂ ಮುಡಿಯ ಚೆಲುವನ್ನೂ ಕಣ್ತುಂಬ ನೋಡುತ್ತಾರೆ. ಅಲ್ಲಿಯ ಬಿಲ್ಲುಗಳತ್ತ ಕಣ್ಣು ಹಾಯಿಸುವವರು ವಿರಳ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ ಬಿಲ್ಲು ಹಿಡಿದ ಬೇಟೆಗಾತಿಯುಂಟು. ಮೇಲಿನ ಮೀನಿಗೆ ಗುರಿಯಿಟ್ಟ ಅರ್ಜುನನೂ ಉಂಟು.

ಒಮ್ಮೆ ಆ ಅರ್ಜುನನ ಮುಂದೆ ನಮ್ಮ ಶಾಲೆಯ ಮಕ್ಕಳನ್ನು ನಿಲ್ಲಿಸಿ ಸ್ವಯಂವರದ ಕಥೆ ಹೇಳುತ್ತಿದ್ದೆ. “ಗೆದ್ದವನಿಗೆ ಬಹುಮಾನ ಏನು ಸಾರ್?” ಎಂದ ಒಬ್ಬ ಹುಡುಗ. “ದ್ರೌಪದಿ” ಎಂದ ಇನ್ನೊಬ್ಬ. ಹಿಂದೆ ನಿಂತಿದ್ದ ಹುಡುಗಿಯೊಬ್ಬಳು, “ದ್ರೌಪದಿ ಏನು ವಸ್ತುವೇ ಸಾರ್, ಬಹುಮಾನ ಕೊಡುವುದಕ್ಕೆ?” ಎಂದಳು. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಊರಿಗೆ ಬಂದ ಮೇಲೆ ಯೋಚಿಸಿದೆ. ಒಡ್ಡಿದ ವಸ್ತು ಪಣ. ಬಹುಮಾನವೆಂದರೆ ಬಹುವಾದ ಮಾನ, ಅಂದರೆ ಹೆಚ್ಚಿನ ಗೌರವ. ಕೈಗೆ ಬರುವ ಬೆಳ್ಳಿ ಬಂಗಾರಗಳು ಆ ಗೌರವದ ಗುರುತುಗಳು ಮಾತ್ರ. ಈ ಭೇದವನ್ನು ನಾವು ಮರೆತಿದ್ದೇವೆ.

ಇದನ್ನು ಚೆನ್ನಾಗಿ ತೋರಿಸುವ ಒಂದು ಪದ್ಧತಿ ದೂರದ ಬ್ರಿಟನ್ನಿನಲ್ಲಿ ಬೆಳೆಯಿತು. ಬಂದೂಕು ಬಂದು ಬಿಲ್ಲಿಗೆ ಯುದ್ಧದಲ್ಲಿ ಕೆಲಸ ತಪ್ಪಿದ ಮೇಲೂ ಅಲ್ಲಿಯ ಗೃಹಸ್ಥರು ಅದನ್ನು ಕೈಬಿಡಲಿಲ್ಲ. ಬೆಳ್ಳಿಯ ಬಾಣವೊಂದನ್ನು ಇಟ್ಟು ವರ್ಷಕ್ಕೊಮ್ಮೆ ಪಂದ್ಯ ನಡೆಸಿದರು. ಸ್ಕಾಟ್ಲೆಂಡಿನ ಮಸಲ್‌ಬರೊ ಬಾಣಕ್ಕೆ ತೂಗುಹಾಕಿದ ಪದಕಗಳಲ್ಲಿ ಹಳೆಯದು 1603ರದು. ವಿಶೇಷವೆಂದರೆ, ಬಾಣ ಗೆದ್ದವನ ಸ್ವತ್ತಾಗುತ್ತಿರಲಿಲ್ಲ. ಅವನು ತನ್ನ ಖರ್ಚಿನಲ್ಲಿ ಹೆಸರು ಕೊರೆದ ಪದಕ ಮಾಡಿಸಿ ಅದಕ್ಕೆ ಕಟ್ಟಿ, ಮುಂದಿನವರಿಗಾಗಿ ಹಿಂದಿರುಗಿಸಬೇಕು. ಗೆದ್ದವನೇ ಕೊಡುವವನು!

ಇಂಗ್ಲೆಂಡಿನ ಯಾರ್ಕ್‌ಷೈರಿನ ಸ್ಕಾರ್ಟನ್ ಎಂಬ ಹಳ್ಳಿಯಲ್ಲಿ 1673ರ ಮೇ 14ರಂದು ಇಂಥದೇ ಪಂದ್ಯ ಆರಂಭವಾಯಿತು. ಗುರಿಯ ನಡುವಿನ ಕಪ್ಪು ಚುಕ್ಕೆಗೆ ಮೊದಲು ತಾಗಿಸಿದವನು ನಾಯಕ. ಅವನಿಗೆ ದಕ್ಕಿದ ಹಕ್ಕಾದರೂ ಏನು? ಮುಂದಿನ ವರ್ಷದ ಪಂದ್ಯವನ್ನು ನಡೆಸಿಕೊಡುವ ಹೊಣೆ. ಬಿಲ್ಲು ಹಿಡಿದು ಕೆಟ್ಟ ಮಾತಾಡಿದವನಿಗೆ ಒಂದು ಷಿಲಿಂಗ್ ದಂಡ.

ಸೇಂಟ್ ಆಂಡ್ರೂಸಿನಲ್ಲಿ 1618ರಿಂದ ವಿದ್ಯಾರ್ಥಿಗಳೇ ಬೆಳ್ಳಿಯ ಬಾಣಕ್ಕಾಗಿ ಸ್ಪರ್ಧಿಸುತ್ತಿದ್ದರು. ಅಲ್ಲಿ 1623ರಲ್ಲಿ ಗೆದ್ದ ಹುಡುಗ ಮುಂದೆ ಆರ್ಗೈಲಿನ ಪ್ರಭುವಾದ. 1628ರಲ್ಲಿ ಗೆದ್ದವನು ಮಾಂಟ್ರೋಸಿನ ಪ್ರಭು. ಇಬ್ಬರೂ ಅಂತರ್ಯುದ್ಧದಲ್ಲಿ ಕಡುವೈರಿಗಳಾದರು. ಒಬ್ಬನಿಗೆ 1650ರಲ್ಲಿ, ಇನ್ನೊಬ್ಬನಿಗೆ 1661ರಲ್ಲಿ ಮರಣದಂಡನೆಯಾಯಿತು. ಅವರ ಬಾಲ್ಯದ ಪದಕಗಳು ಮಾತ್ರ ಇಂದಿಗೂ ಒಂದೇ ಸಂಗ್ರಹದಲ್ಲಿ ಜೊತೆಯಾಗಿವೆ.

ಮುಂದೆ 1781ರಲ್ಲಿ ಸರ್ ಆಷ್ಟನ್ ಲಿವರ್ ಲಂಡನ್ನಿನಲ್ಲಿ ಟಾಕ್ಸಫಿಲೈಟ್ ಸೊಸೈಟಿಯನ್ನು, ಎಂದರೆ ಬಿಲ್ಲುಪ್ರಿಯರ ಸಂಘವನ್ನು, ಸ್ಥಾಪಿಸಿದ. ಇಂಥ ಸಂಘಗಳು ಹಲವು ಹುಟ್ಟಿದವು. ಅಲ್ಲಿ ಸಮವಸ್ತ್ರ, ಔತಣ, ಬೆಳ್ಳಿಯ ಪಾತ್ರೆಗಳ ಆಡಂಬರವಿತ್ತು; ಬಡವನಿಗೆ ಪ್ರವೇಶವಿರಲಿಲ್ಲವೆನ್ನಬೇಕು. ಆದರೆ 1787ರಲ್ಲಿ ಹುಟ್ಟಿದ ರಾಯಲ್ ಬ್ರಿಟಿಷ್ ಬೋಮೆನ್ ಸಂಘದಲ್ಲಿ ಹೆಂಗಸರೂ ಸದಸ್ಯರಾಗಿ ಬಿಲ್ಲು ಹಿಡಿದರು. ನಮ್ಮ ಬೇಲೂರಿನ ಬೇಟೆಗಾತಿ ಅದಕ್ಕೆ ಆರೂವರೆ ಶತಮಾನಕ್ಕೂ ಹಿಂದಿನವಳೆಂಬುದನ್ನು ನೆನೆದರೆ ತುಟಿಯ ಮೇಲೆ ನಗು ಮೂಡುತ್ತದೆ.

ನಮ್ಮಲ್ಲಿಯೂ ಗೌರವದ ಗುರುತುಗಳಿಗೆ ಕೊರತೆಯಿಲ್ಲ. ಗರಡಿಯ ಪೈಲ್ವಾನರಿಗೆ ಬೆಳ್ಳಿಯ ಗದೆ ಸಂದಿದೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿಯ ಕುವರಲಕ್ಷ್ಮನ ಕಂಬ ಇನ್ನೊಂದು ಬಗೆಯ ಗುರುತನ್ನು ನೆನಪಿಗೆ ತರುತ್ತದೆ. ಗರುಡರೆನಿಸಿದ ವೀರರು ಕಾಲಿಗೆ ತೊಡುತ್ತಿದ್ದ ಪೆಂಡೆಯ ಒಡೆಯನೊಡನೆ ಮಡಿಯುವೆನೆಂಬ ವ್ರತದ ಚಿಹ್ನೆ. ಇಮ್ಮಡಿ ವೀರಬಲ್ಲಾಳನು 1220ರಲ್ಲಿ ತೀರಿಕೊಂಡಾಗ ದಂಡನಾಯಕ ಲಕ್ಷ್ಮನೂ ಮಡದಿ ಸುಗ್ಗಲದೇವಿಯೂ ಜೊತೆಯ ವೀರರೂ ಪ್ರಾಣವನ್ನೇ ಒಪ್ಪಿಸಿದರು. ಬೆಳ್ಳಿಯ ಬಾಣ ಒಂದು ವರ್ಷದ ಹೊಣೆ. ಈ ಪೆಂಡೆಯ ಬದುಕಿನ ಹೊಣೆ. ಎರಡನೆಯದನ್ನು ಕಂಡು ತಲೆ ಬಾಗುತ್ತದೆ, ಮನಸ್ಸು ಮರುಗುತ್ತದೆ. ಮಕ್ಕಳಿಗೆ ಕಲಿಸಬೇಕಾದದ್ದು ಮೊದಲನೆಯದು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ಆಟೋಟದ ಬೆಳ್ಳಿಯ ಬಟ್ಟಲಿತ್ತು. ಸುತ್ತಲೂ ಗೆದ್ದ ಹುಡುಗರ ಹೆಸರುಗಳು. ಕಪ್ಪಾಗಿದೆಯೆಂದು ನಾನೇ ಅದನ್ನು ಮೆರುಗಿಗೆ ಕಳುಹಿಸಿದೆ. ಬಟ್ಟಲು ಫಳಫಳನೆ ಹೊಳೆಯುತ್ತ ಬಂತು. ಹೆಸರುಗಳು ಅಳಿಸಿ ಹೋಗಿದ್ದವು. ಕೆಲವು ತಿಂಗಳ ಮೇಲೆ ಹಿರಿಯರೊಬ್ಬರು ಮೊಮ್ಮಗನ ಕೈ ಹಿಡಿದು ತಮ್ಮ ಹೆಸರು ತೋರಿಸಲೆಂದು ಬಂದರು. ಬಟ್ಟಲನ್ನು ಎರಡು ಸಲ ತಿರುಗಿಸಿ ನೋಡಿದರು. “ಇರಲಿ ಬಿಡಿ ಮೇಷ್ಟ್ರೇ” ಎಂದು ಮೇಜಿನ ಮೇಲಿಟ್ಟು ಹೊರಟರು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಬೇಲೂರಿನ ಶಿಲ್ಪಿಗಳು ನನಗಿಂತ ಜಾಣರು. ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ಬೊಂಬೆಗಳ ಅಡಿಯಲ್ಲಿ ಹೆಸರು ಕೆತ್ತಿ ಹೋದರು. ರಾಜನಿಂದ ಅವರಿಗೆ ಸಂದ ಹೊನ್ನು ಎಂದೋ ಕರಗಿತು, ಹೆಸರು ಉಳಿಯಿತು.

ಇಂದು ಶಾಲೆಗಳ ವಾರ್ಷಿಕೋತ್ಸವದಲ್ಲಿ ಚಿನ್ನದ ಬಣ್ಣ ಬಳಿದ ಪ್ಲಾಸ್ಟಿಕ್ಕಿನ ಬಟ್ಟಲುಗಳನ್ನು ಹಂಚುತ್ತೇವೆ. ಹಂಚೋಣ. ಜೊತೆಗೆ ಶಾಲೆಯಲ್ಲೇ ಉಳಿಯುವ ಒಂದು ಹಲಗೆಯಿರಲಿ. ಗೆದ್ದ ಮಗು ತನ್ನ ಕೈಯಾರೆ ಅದರ ಮೇಲೆ ಹೆಸರು ಬರೆಯಲಿ, ಮುಂದಿನ ವರ್ಷ ಕಿರಿಯರಿಗೆ ಆಟ ಕಲಿಸುವ ಹೊಣೆಯನ್ನೂ ಹೊರಲಿ. ಬಹುಮಾನವೆಂದರೆ ಇದು. ಆ ದಿನ ಬೇಲೂರಿನಲ್ಲಿ ಗುರಿ ತಾಗಿಸಿದವಳು ಹಿಂದೆ ನಿಂತಿದ್ದ ಆ ಹುಡುಗಿಯೇ.