ಇಂಧನ ಕೋಶದ ಪಾಲಿಮರ್ ಪೊರೆ

ಇಂಧನ ಕೋಶದ ಪಾಲಿಮರ್ ಪೊರೆಯು ಜಲಜನಕದಿಂದ ವಿದ್ಯುತ್ತನ್ನು ಉತ್ಪಾದಿಸುವ ಕೋಶದಲ್ಲಿ ಎರಡು ವಿದ್ಯುದ್ವಾರಗಳ ನಡುವೆ ಇರುವ ತೆಳುವಾದ ಹಾಳೆ. ಇದು ಪ್ರೋಟಾನುಗಳನ್ನು ಹಾಯಗೊಟ್ಟು, ಎಲೆಕ್ಟ್ರಾನುಗಳನ್ನೂ ಅನಿಲಗಳನ್ನೂ ತಡೆಯುತ್ತದೆ. ಕೋಶವು ಎಷ್ಟು ಉಷ್ಣತೆಯಲ್ಲಿ ಕೆಲಸ ಮಾಡಬಲ್ಲದು ಎಂಬುದನ್ನು ಬಹುಮಟ್ಟಿಗೆ ಈ ಪೊರೆಯೇ ನಿರ್ಧರಿಸುತ್ತದೆ.

ಕಾರ್ಯವಿಧಾನ

ಆನೋಡಿನಲ್ಲಿ ಪ್ಲಾಟಿನಂ ಕ್ರಿಯಾವರ್ಧಕದ ಮೇಲೆ ಜಲಜನಕವು ಪ್ರೋಟಾನು ಮತ್ತು ಎಲೆಕ್ಟ್ರಾನುಗಳಾಗಿ ಬೇರ್ಪಡುತ್ತದೆ. ಪ್ರೋಟಾನುಗಳು ಪೊರೆಯ ಮೂಲಕ ಕ್ಯಾಥೋಡನ್ನು ಸೇರುತ್ತವೆ. ಎಲೆಕ್ಟ್ರಾನುಗಳು ಹೊರಗಿನ ತಂತಿಯಲ್ಲಿ ಹರಿದು ವಿದ್ಯುತ್ ಪ್ರವಾಹವಾಗುತ್ತವೆ. ಕ್ಯಾಥೋಡಿನಲ್ಲಿ ಇವೆರಡೂ ಆಮ್ಲಜನಕದೊಡನೆ ಕೂಡಿ ನೀರು ಉಂಟಾಗುತ್ತದೆ. ಕೆಲಸ ಮಾಡುತ್ತಿರುವ ಒಂದು ಕೋಶದಿಂದ ಸುಮಾರು 0.6ರಿಂದ 0.7 ವೋಲ್ಟ್ ಮಾತ್ರ ದೊರೆಯುವುದರಿಂದ ಹಲವು ಕೋಶಗಳನ್ನು ಸರಣಿಯಲ್ಲಿ ಜೋಡಿಸಲಾಗುತ್ತದೆ.

ಇತಿಹಾಸ

1955ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ವಿಲಾರ್ಡ್ ಥಾಮಸ್ ಗ್ರಬ್ ಅಯಾನು ವಿನಿಮಯ ಪೊರೆಯನ್ನು ಇಂಧನ ಕೋಶದಲ್ಲಿ ಬಳಸಿದರು. 1965ರಲ್ಲಿ ಜೆಮಿನಿ 5 ಬಾಹ್ಯಾಕಾಶ ನೌಕೆಯು ಸಲ್ಫೋನೀಕೃತ ಪಾಲಿಸ್ಟೈರೀನ್ ಪೊರೆಯ ಕೋಶಗಳನ್ನು ಹೊತ್ತೊಯ್ದಿತು. ಅದೇ ದಶಕದ ಕೊನೆಯಲ್ಲಿ ಡ್ಯುಪಾಂಟ್ ಸಂಸ್ಥೆಯ ವಾಲ್ಥರ್ ಗ್ರಾಟ್ ರೂಪಿಸಿದ ನಾಫಿಯಾನ್ ಹೆಚ್ಚು ಬಾಳಿಕೆ ಬರುವುದೆಂದು ಕಂಡುಬಂದು, ಮುಂದೆ ಎಲ್ಲ ಹೋಲಿಕೆಗಳಿಗೂ ಮಾನದಂಡವಾಯಿತು.

ಉಷ್ಣತೆಯ ಸಮಸ್ಯೆ

ನಾಫಿಯಾನ್‌ನಲ್ಲಿ ಪ್ರೋಟಾನುಗಳು ಚಲಿಸಲು ನೀರು ಬೇಕು. ಆದ್ದರಿಂದ ಅದು 60ರಿಂದ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉತ್ತಮವಾಗಿ ಕೆಲಸ ಮಾಡುತ್ತದೆ. 100 ಡಿಗ್ರಿ ಸಮೀಪಿಸಿದಂತೆ ಪೊರೆ ಒಣಗಿ ವಾಹಕತೆ ಕುಸಿಯುತ್ತದೆ. ಶೂನ್ಯಕ್ಕಿಂತ ಕೆಳಗೆ ಕೋಶದೊಳಗಿನ ನೀರು ಹೆಪ್ಪುಗಟ್ಟಿ ವಿದ್ಯುದ್ವಾರಗಳಿಗೆ ಹಾನಿಯಾಗಬಹುದು. ಹೀಗಾಗಿ ವಾಹನಗಳನ್ನು ನಿಲ್ಲಿಸುವಾಗ ಉಳಿದ ನೀರನ್ನು ಅನಿಲ ಹಾಯಿಸಿ ಹೊರದೂಡಲಾಗುತ್ತದೆ.

ಹೆಚ್ಚಿನ ಉಷ್ಣತೆಯಿಂದ ಲಾಭವೂ ಉಂಟು. 80 ಡಿಗ್ರಿಯಲ್ಲಿ ಜಲಜನಕದೊಡನೆ ಬೆರೆತ ಅತ್ಯಲ್ಪ ಇಂಗಾಲದ ಮೋನಾಕ್ಸೈಡ್ ಕೂಡ ಪ್ಲಾಟಿನಂ ಅನ್ನು ನಿಷ್ಕ್ರಿಯಗೊಳಿಸುತ್ತದೆ. 160 ಡಿಗ್ರಿಯ ಸುಮಾರಿಗೆ ಕೋಶವು ಶೇಕಡಾ 1ರಷ್ಟನ್ನೂ ತಾಳಿಕೊಳ್ಳುತ್ತದೆ. ಆದ್ದರಿಂದ ಅಷ್ಟೇನೂ ಶುದ್ಧವಲ್ಲದ ಜಲಜನಕವನ್ನೂ ಬಳಸಬಹುದು.

ಪರಿಹಾರಗಳು

* ಸಂಯುಕ್ತ ಪೊರೆಗಳು: ಸಿಲಿಕಾ, ಜಿರ್ಕೋನಿಯಂ ಫಾಸ್ಫೇಟ್ ಮುಂತಾದ ನೀರು ಹಿಡಿದಿಡುವ ಕಣಗಳನ್ನು ನಾಫಿಯಾನ್‌ಗೆ ಸೇರಿಸಲಾಗುತ್ತದೆ.
* ಪಾಲಿಬೆಂಜಿಮಿಡಜೋಲ್: 1995ರಲ್ಲಿ ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾನಿಲಯದ ಸಂಶೋಧಕರು ಈ ಪಾಲಿಮರಿಗೆ ಫಾಸ್ಫಾರಿಕ್ ಆಮ್ಲವನ್ನು ಹೀರಿಸಿದ ಪೊರೆಯನ್ನು ವರದಿ ಮಾಡಿದರು. ಇಲ್ಲಿ ಆಮ್ಲವೇ ಪ್ರೋಟಾನುಗಳನ್ನು ಸಾಗಿಸುವುದರಿಂದ 120ರಿಂದ 180 ಡಿಗ್ರಿಯಲ್ಲಿ ಹೊರಗಿನ ತೇವ ಬೇಕಾಗದು. ಆದರೆ ತಣ್ಣಗಿರುವಾಗ ದ್ರವರೂಪದ ನೀರು ಆಮ್ಲವನ್ನು ತೊಳೆದುಬಿಡುತ್ತದೆ.
* ಅಯಾನು ಜೋಡಿ ಪೊರೆಗಳು: 2016ರಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯದ ತಂಡವು ಆಮ್ಲವನ್ನು ಬಿಗಿಯಾಗಿ ಹಿಡಿದಿಡುವ, 80ರಿಂದ 160 ಡಿಗ್ರಿಯವರೆಗೆ ಸ್ಥಿರವಾಗಿರುವ ಪೊರೆಯನ್ನು ಪ್ರಕಟಿಸಿತು.

ಭಾರತದಲ್ಲಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಘನಸ್ಥಿತಿ ಮತ್ತು ರಚನಾ ರಸಾಯನಶಾಸ್ತ್ರ ಘಟಕದ ಪ್ರಾಧ್ಯಾಪಕ ಎ. ಕೆ. ಶುಕ್ಲ ಅವರು ಕಾರೈಕುಡಿಯ ಕೇಂದ್ರೀಯ ವಿದ್ಯುದ್ರಸಾಯನ ಸಂಶೋಧನಾ ಸಂಸ್ಥೆಯ ನಿರ್ದೇಶಕರೂ ಆಗಿದ್ದರು. ಅವರು ಸಹೋದ್ಯೋಗಿಗಳೊಡನೆ ನಾಫಿಯಾನ್–ಸಿಲಿಕಾ ಸಂಯುಕ್ತ ಪೊರೆಗಳನ್ನೂ ಪಾಲಿವಿನೈಲ್ ಆಲ್ಕೋಹಾಲ್, ಕೈಟೋಸಾನ್ ಆಧಾರಿತ ಅಗ್ಗದ ಪೊರೆಗಳನ್ನೂ ಅಭಿವೃದ್ಧಿಪಡಿಸಿದರು. 2020ರಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಾಗೂ ಕೆಪಿಐಟಿ ಸಂಸ್ಥೆ ಜೊತೆಗೂಡಿ 65ರಿಂದ 75 ಡಿಗ್ರಿಯಲ್ಲಿ ಕೆಲಸ ಮಾಡುವ ಕೋಶದ ಕಾರನ್ನು ಪರೀಕ್ಷಿಸಿದವು. 2024ರ ಜನವರಿ 1ರಂದು ಹಾರಿದ ಪಿಎಸ್‌ಎಲ್‌ವಿ-ಸಿ58ರ ಪೋಯೆಮ್-3 ವೇದಿಕೆಯಲ್ಲಿ ಇಸ್ರೋ ಪಾಲಿಮರ್ ಪೊರೆಯ ಇಂಧನ ಕೋಶವನ್ನು ಕಕ್ಷೆಯಲ್ಲಿ ಪರೀಕ್ಷಿಸಿ 180 ವ್ಯಾಟ್ ವಿದ್ಯುತ್ ಪಡೆಯಿತು.

ಉಳಿದಿರುವ ಸವಾಲುಗಳು

ಫ್ಲೋರಿನ್‌ಯುಕ್ತ ಪೊರೆಗಳು ದುಬಾರಿ. ಪರಿಸರದಲ್ಲಿ ಸುಲಭವಾಗಿ ಕರಗಿಹೋಗದ ರಾಸಾಯನಿಕಗಳ ಗುಂಪಿಗೆ ಸೇರಿದವು. ಶೀತದಲ್ಲಿ ಚಾಲನೆಗೊಂಡು, 100 ಡಿಗ್ರಿಗಿಂತ ಮೇಲೂ ಒಣಗದೆ, ಸಾವಿರಾರು ಗಂಟೆ ಬಾಳುವ ಅಗ್ಗದ ಪೊರೆಯನ್ನು ರೂಪಿಸುವುದು ಈ ಕ್ಷೇತ್ರದ ಮುಖ್ಯ ಗುರಿಯಾಗಿದೆ.