ಶರಪಂಜರದ ದ್ವಿತೀಯಾರ್ಧ



ನಾವು ಈ ದೇಶಕ್ಕೆ ಬಂದು ರೆಸಿಡೆನ್ಸಿ ಮಾಡುತ್ತಿದ್ದ 90ರ ದಶಕದ ಕೊನೆಯಲ್ಲಿ ಕನ್ನಡ ಚಿತ್ರ ನೋಡಬೇಕೆಂದರೆ ವಿಡಿಯೋ ಕ್ಯಾಸೆಟ್ಟೇ ಗತಿ. ಒಂದು ಶನಿವಾರ ನಾಲ್ಕೈದು ಸಂಸಾರಗಳು ನ್ಯೂಜೆರ್ಸಿಯ ಮಿತ್ರರೊಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಸೇರಿ, ಬಿಸಿಬೇಳೆಭಾತ್ ಊಟ ಮುಗಿಸಿ, 'ಶರಪಂಜರ' ಹಾಕಿಕೊಂಡು ಕುಳಿತೆವು. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ, ಕಲ್ಪನಾ ಅವರ ಅಭಿನಯ. ಕಥೆ ನಿಮಗೆಲ್ಲ ಗೊತ್ತಿರುವುದೇ. ಹೆರಿಗೆಯ ನಂತರ ಕಾವೇರಿಯ ಮನಸ್ಸು ಕೆಡುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ, ಗುಣವಾಗುತ್ತದೆ. ವೈದ್ಯರ ಕೆಲಸ ಅಲ್ಲಿಗೆ ಮುಗಿಯಿತು, ಆದರೆ ಚಿತ್ರ ಮುಗಿಯುವುದಿಲ್ಲ. ಮನೆಗೆ ಹಿಂತಿರುಗಿದ ಕಾವೇರಿಯನ್ನು ಗಂಡನೂ ನೆರೆಹೊರೆಯೂ ಸಂಶಯದ ಕಣ್ಣಿನಿಂದಲೇ ನೋಡುತ್ತಾರೆ. ನಕ್ಕರೂ ತಪ್ಪು, ಅತ್ತರೂ ತಪ್ಪು. ಗುಣವಾಗಿ ಬಂದವಳು ಕೊನೆಗೆ ಮತ್ತೆ ಮನಸ್ಸಿನ ಹಿಡಿತ ಕಳೆದುಕೊಳ್ಳುತ್ತಾಳೆ.

ಅಂದು ಎಲ್ಲರೂ ಕಣ್ಣೊರೆಸಿಕೊಂಡೆವು. ಆದರೆ ಅಲ್ಲಿದ್ದ ಒಂದು ಸಂಸಾರ ಕೆಲವು ವರ್ಷಗಳ ಮೇಲೆ ಯುಗಾದಿಗೂ ಬರುವುದನ್ನು ಬಿಟ್ಟಿತು, ದೀಪಾವಳಿಗೂ ಬರುವುದನ್ನು ಬಿಟ್ಟಿತು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಾಯಿಸಿದ್ದೇವೆ.) ಕಾಲೇಜಿಗೆ ಹೋದ ಮಗ ಮೊದಲ ವರ್ಷವೇ ಮನೆಗೆ ಮರಳಿದ್ದ, ಕೋಣೆಯ ಬಾಗಿಲು ಹಾಕಿಕೊಂಡು, ಯಾರೋ ಮಾತನಾಡುವುದು ಕೇಳಿಸುತ್ತಿದೆ ಎನ್ನುತ್ತಿದ್ದನಂತೆ. ನಮಗೆ ವಿಷಯ ತಿಳಿದದ್ದು ಎರಡು ವರ್ಷದ ಮೇಲೆ. ಒಂದು ರಾತ್ರಿ ತಂದೆ ಫೋನ್ ಮಾಡಿ, ಇನ್ಶೂರೆನ್ಸಿಗೂ ತಿಳಿಯದಂತೆ, ಯಾರಿಗೂ ಗೊತ್ತಾಗದಂತೆ ಮಾತ್ರೆ ಬರೆದುಕೊಡಲಾದೀತೇ ಎಂದು ಕೇಳಿದರು. ಆಗುವುದಿಲ್ಲವೆಂದು ತಿಳಿಸಿ, ಮನೋವೈದ್ಯರೊಬ್ಬರ ನಂಬರ್ ಕೊಟ್ಟೆವು. ವೈದ್ಯರಾಗಿ ಮಾಡಿದ್ದು ಸರಿಯೇ. ಆದರೆ ಆಮೇಲೆ ಒಮ್ಮೆಯೂ ಅವರ ಮನೆಯ ಮೆಟ್ಟಿಲು ಹತ್ತಲಿಲ್ಲ. ಅವರಿಗೆ ಮುಜುಗರವಾದೀತು ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಶರಪಂಜರದ ನೆರೆಹೊರೆಯ ಪಾತ್ರವನ್ನು ನಾವೇ ವಹಿಸಿದೆವು.

ಆಸ್ಪತ್ರೆಯಿಂದ ಹೊರಬಂದವರ ಗತಿ ಏನು, ಅವರನ್ನು ನೋಡಿಕೊಳ್ಳುವ ಮನೆಯವರಿಗೆ ಯಾರು ಆಸರೆ? ಈ ಪ್ರಶ್ನೆಗೆ ನಾವು ಬಿಟ್ಟುಬಂದ ನಾಡೂ, ಬಂದು ಸೇರಿದ ನಾಡೂ ಬೇರೆ ಬೇರೆ ದಾರಿಯಲ್ಲಿ ಉತ್ತರ ಹುಡುಕಿವೆ. ಆ ಚರಿತ್ರೆಯನ್ನು ಸಂಕ್ಷಿಪ್ತವಾಗಿ ಹೇಳುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ಊರಿನ ಕಥೆ. ಬೆಂಗಳೂರಿನಲ್ಲಿ ಮಾನಸಿಕ ರೋಗಿಗಳಿಗೆಂದು ಆಶ್ರಯಾಲಯ ಆರಂಭವಾದದ್ದು 1847ರಲ್ಲಿ. 1925ರಲ್ಲಿ ಅದರ ಹೆಸರು ಮಾನಸಿಕ ಆಸ್ಪತ್ರೆ ಎಂದಾಯಿತು. ಅದರ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಜನರ ಬಾಯಲ್ಲಿ ಮಾತ್ರ ಬಹುಕಾಲ ಅದು 'ಹುಚ್ಚಾಸ್ಪತ್ರೆ'ಯಾಗಿಯೇ ಉಳಿಯಿತು. ಆ ಗೇಟಿನೊಳಗೆ ಹೋದವರ ಮನೆಯಲ್ಲಿ ಹೆಣ್ಣು ತರುವವರೂ ಇಲ್ಲ, ಕೊಡುವವರೂ ಇಲ್ಲ ಎಂಬ ಭಯ ಬೇರೆ.

ಇದೇ ಕಾಲದಲ್ಲಿ ದೂರದ ಅಮೃತಸರದಲ್ಲಿ ಒಂದು ದೊಡ್ಡ ಕೆಲಸ ನಡೆಯಿತು. 1950ರ ದಶಕದಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆ ರೋಗಿಗಳಿಂದ ತುಂಬಿ ತುಳುಕುತ್ತಿತ್ತು. ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರೂ ಬಂದು ಇರಿ ಎಂದು ಕರೆದರು. ಅಪ್ಪ, ಅಮ್ಮ, ಹೆಂಡತಿ ಅಲ್ಲೇ ಉಳಿದು, ತಮ್ಮವರ ಆರೈಕೆಯಲ್ಲಿ ತಾವೂ ಕೈಜೋಡಿಸಿ, ಕಾಯಿಲೆಯ ಬಗ್ಗೆ ವೈದ್ಯರ ಮಾತು ಕೇಳಿದರು. ಮನೆಗೆ ಮರಳುವ ಹೊತ್ತಿಗೆ ರೋಗಿ ಸುಧಾರಿಸಿರುತ್ತಿದ್ದ, ಮನೆಯವರೂ ಕಲಿತಿರುತ್ತಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲೂ ಇದೇ ದಾರಿ ಹಿಡಿದರು. ಮುಂದೆ ನಿಮ್ಹಾನ್ಸ್ ಕೂಡ ಮನೆಯವರನ್ನು ಚಿಕಿತ್ಸೆಯೊಳಗೆ ಸೇರಿಸಿಕೊಂಡಿತು.

ನಿಮ್ಹಾನ್ಸಿನ ವೈದ್ಯರು 70ರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಕೇಂದ್ರ ತೆರೆದು, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಈ ಕಾಯಿಲೆಗಳನ್ನು ಗುರುತಿಸಲು ಕಲಿಸಿದರು. 80ರ ದಶಕದಲ್ಲಿ ಅದೇ ಪ್ರಯೋಗ ಇಡೀ ಬಳ್ಳಾರಿ ಜಿಲ್ಲೆಗೆ ವಿಸ್ತರಿಸಿತು. 1996ರಲ್ಲಿ ಭಾರತ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿದಾಗ ಮಾದರಿಯಾದದ್ದು ನಮ್ಮ ಬಳ್ಳಾರಿಯೇ. ಇನ್ನು ಡಾ. ಸಿ. ಆರ್. ಚಂದ್ರಶೇಖರ್, ಶಿವಮೊಗ್ಗದ ಡಾ. ಅಶೋಕ್ ಪೈ ಅವರಂಥವರು ಕನ್ನಡದಲ್ಲೇ ಬರೆದು, ಮಾತನಾಡಿ, ಈ ವಿಷಯವನ್ನು ಮನೆಮನೆಗೆ ಮುಟ್ಟಿಸಿದರು.

ಈಗ ಈ ನಾಡಿನ ಕಥೆಗೆ ಬರೋಣ. ನಮ್ಮಲ್ಲಿ ಹಲವರ ಮನೆಗಳಿಂದ ಗ್ರೇಸ್ಟೋನ್ ಪಾರ್ಕ್ ಹೆಚ್ಚು ದೂರವಿಲ್ಲ. ನ್ಯೂಜೆರ್ಸಿಯ ಮಾರಿಸ್ ಪ್ಲೇನ್ಸ್ ಬಳಿ 1876ರಲ್ಲಿ ತೆರೆದ ಆ ಸರ್ಕಾರಿ ಆಸ್ಪತ್ರೆಯಲ್ಲಿ 1953ರ ಹೊತ್ತಿಗೆ ಏಳು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. 1955ರಲ್ಲಿ ದೇಶದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿದ್ದವರು ಸುಮಾರು 5,58,000 ಮಂದಿ. ಅದೇ ಸಮಯಕ್ಕೆ ಕ್ಲೋರ್‌ಪ್ರೋಮಜಿನ್ ಎಂಬ ಔಷಧಿ ಬಂತು. 1963ರ ಅಕ್ಟೋಬರಿನಲ್ಲಿ ಅಧ್ಯಕ್ಷ ಕೆನಡಿಯವರು ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳ ಕಾನೂನಿಗೆ ಸಹಿ ಹಾಕಿದರು. ರೋಗಿಗಳು ಹೊರಬಂದರು, ಮಾತು ಕೊಟ್ಟಷ್ಟು ಕೇಂದ್ರಗಳು ಮಾತ್ರ ಬರಲಿಲ್ಲ. ಭಾರ ಬಿದ್ದದ್ದು ಮನೆಯವರ ಮೇಲೆ. ಆ ಮನೆಯವರನ್ನೇ, ಅದರಲ್ಲೂ ತಾಯಿಯನ್ನು, ಕಾಯಿಲೆಗೆ ಕಾರಣವೆಂದು ದೂರುವ ಸಿದ್ಧಾಂತ 1940ರ ದಶಕದಿಂದ ಇಲ್ಲಿ ಬಲವಾಗಿತ್ತು. ಅದು ತಪ್ಪೆಂದು ಮುಂದೆ ವೈದ್ಯಲೋಕವೇ ಒಪ್ಪಿತು. ಅಷ್ಟರಲ್ಲಿ ಎಷ್ಟೋ ತಾಯಂದಿರು ಆ ಮಾತನ್ನು ಎದೆಯಲ್ಲಿಟ್ಟುಕೊಂಡೇ ಹೋಗಿದ್ದರು.

ಇಲ್ಲಿ ಉತ್ತರ ಹುಡುಕಿದವರು ರೋಗಿಗಳೂ ಮನೆಯವರೂ. ನ್ಯೂಯಾರ್ಕಿನ ರಾಕ್‌ಲ್ಯಾಂಡ್ ಸರ್ಕಾರಿ ಆಸ್ಪತ್ರೆಯಲ್ಲಿದ್ದ ಕೆಲವರು 1940ರ ದಶಕದಲ್ಲಿ 'ನಾವು ಒಂಟಿಯಲ್ಲ' ಎಂಬ ಅರ್ಥದ ಹೆಸರಿಟ್ಟುಕೊಂಡು ಗುಂಪು ಕಟ್ಟಿದರು. ಅದರಿಂದ ಬೆಳೆದದ್ದು ಮ್ಯಾನ್‌ಹ್ಯಾಟನ್ನಿನ ಪಶ್ಚಿಮ 47ನೇ ಬೀದಿಯಲ್ಲಿ 1948ರಲ್ಲಿ ಆರಂಭವಾದ ಫೌಂಟನ್ ಹೌಸ್. ಅಲ್ಲಿಗೆ ಬರುವವರನ್ನು ರೋಗಿ ಎನ್ನುವುದಿಲ್ಲ, ಸದಸ್ಯ ಎನ್ನುತ್ತಾರೆ. ಅಡುಗೆ, ಆಫೀಸು ಕೆಲಸಗಳನ್ನು ಸಿಬ್ಬಂದಿಯೂ ಸದಸ್ಯರೂ ಜೊತೆಯಲ್ಲಿ ಮಾಡುತ್ತಾರೆ.

ಮನೆಯವರ ಸಂಘಟನೆ ಬಂದದ್ದು ತಡವಾಗಿ. 1979ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿ ದೇಶದ ಹಲವು ಕಡೆಯ ಕುಟುಂಬಗಳ ಗುಂಪುಗಳು ಸೇರಿ ಇಂದು ನಾಮಿ ಎಂದು ಕರೆಯುವ ಸಂಸ್ಥೆಯನ್ನು ಕಟ್ಟಿದವು. 1991ರಲ್ಲಿ ಜಾಯ್ಸ್ ಬರ್ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞೆ ಮನೆಯವರಿಗಾಗಿ ಒಂದು ಪಾಠಕ್ರಮ ರೂಪಿಸಿದರು. ಅವರ ಮನೆಯಲ್ಲೂ ಈ ಕಾಯಿಲೆ ಇತ್ತು. 'ಫ್ಯಾಮಿಲಿ ಟು ಫ್ಯಾಮಿಲಿ' ಎಂಬ ಈ ತರಗತಿಗೆ ಶುಲ್ಕವಿಲ್ಲ, ಪಾಠ ಹೇಳುವವರೂ ತರಬೇತಿ ಪಡೆದ ಮನೆಯವರೇ. ಮಾತ್ರೆಯ ಕೆಲಸ, ಕಾಯಿಲೆ ಮರುಕಳಿಸುವ ಸೂಚನೆ, ಜಗಳವಿಲ್ಲದೆ ಮಾತನಾಡುವ ಬಗೆ, ಎಲ್ಲವನ್ನೂ ಕಲಿಸುತ್ತಾರೆ.

ಗಮನಿಸಿ: ಅಮೃತಸರದ ಡೇರೆಯಲ್ಲಿ ನಡೆದ ಪಾಠವೂ ಇದೇ. ಅಲ್ಲಿ ವೈದ್ಯರು ಮನೆಯವರನ್ನು ಒಳಗೆ ಕರೆದರು. ಇಲ್ಲಿ ಮನೆಯವರು ತಾವೇ ಬಾಗಿಲು ತಟ್ಟಿದರು.

ವಲಸೆ ಬಂದ ನಾವು ಈ ಎರಡರ ನಡುವೆ ಬಿದ್ದೆವು. ಅಜ್ಜಿ, ಸೋದರಮಾವ, ಪಕ್ಕದ ಮನೆಯ ಅತ್ತೆ, ಎಲ್ಲರೂ ಸಮುದ್ರದಾಚೆ. ಇಲ್ಲಿನ ಸಭೆಗಳಿಗೆ ಹೋಗಲು ಸಂಕೋಚ. ಮಗುವಿಗೆ 18 ತುಂಬಿತೆಂದರೆ ವೈದ್ಯರು ಅನುಮತಿಯಿಲ್ಲದೆ ತಂದೆತಾಯಿಗೆ ಸಾಮಾನ್ಯವಾಗಿ ಏನೂ ಹೇಳುವಂತಿಲ್ಲ. (ಆದರೆ ನೀವು ವೈದ್ಯರಿಗೆ ಹೇಳುವುದನ್ನು ಯಾವ ಕಾನೂನೂ ತಡೆಯುವುದಿಲ್ಲ, ಮನೆಯಲ್ಲಿ ಕಂಡದ್ದನ್ನು ಬರೆದು ಕಳಿಸಿ.) ಇನ್ನು ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಚಿಕಿತ್ಸೆಯೆಂದು ನಂಬಿ ಊರಿಗೆ ಕರೆದೊಯ್ದು ಮದುವೆ ಮಾಡಿಸುವವರಿದ್ದಾರೆ. ಮದುವೆ ಔಷಧಿಯಲ್ಲ. ವಿಷಯ ಮುಚ್ಚಿಟ್ಟರೆ ಬಂದ ಸೊಸೆಗೂ ಅನ್ಯಾಯ, ಮಗನಿಗೂ ಅನ್ಯಾಯ.

ನಮ್ಮಂಥವರಿಗಾಗಿಯೇ ನಾಮಿಯ ನ್ಯೂಜೆರ್ಸಿ ಶಾಖೆ 'ಸಂಹಾಜ್' ಎಂಬ ದಕ್ಷಿಣ ಏಷ್ಯಾದವರ ಕಾರ್ಯಕ್ರಮವನ್ನು ಆರಂಭಿಸಿತು. ನಮ್ಮ ಅಡುಗೆಮನೆ, ನಮ್ಮ ಮದುವೆಯ ಚಿಂತೆ, 'ನಾಲ್ಕು ಜನ ಏನೆಂದಾರು' ಎಂಬ ನಮ್ಮ ಭಯ, ಇವನ್ನು ವಿವರಿಸದೆಯೇ ಅರ್ಥಮಾಡಿಕೊಳ್ಳುವವರು ಅಲ್ಲಿ ಕೂತಿರುತ್ತಾರೆ. ತುರ್ತು ಸಂದರ್ಭಕ್ಕೆ 2022ರಿಂದ ದೇಶದಾದ್ಯಂತ 988 ಎಂಬ ಮೂರಂಕಿಯ ಫೋನ್ ನಂಬರ್ ಇದೆ. ಫ್ರಿಜ್ಜಿನ ಮೇಲೆ ಬರೆದಿಡಿ.

ಕೊನೆಯದಾಗಿ ಆ ಸಂಸಾರದ ಮಾತು. ಕಳೆದ ವರ್ಷ ಸಂಕ್ರಾಂತಿಗೆ ನಾವೂ ನಮ್ಮ ಮನೆಯವರೂ ಎಳ್ಳುಬೆಲ್ಲ ಹಿಡಿದು ಅವರ ಮನೆಗೆ ಹೋದೆವು. ಏನು ಮಾತನಾಡುವುದೆಂದು ದಾರಿಯುದ್ದಕ್ಕೂ ಅಳುಕು. ಬಾಗಿಲು ತೆರೆದದ್ದು ಮಗನೇ. ಚಿಕಿತ್ಸೆ ನಿಯಮಿತವಾಗಿ ನಡೆಯುತ್ತಿದೆ, ವಾರಕ್ಕೆ ಮೂರು ದಿನ ಕೆಲಸಕ್ಕೂ ಹೋಗುತ್ತಾನೆ. ಆ ತಾಯಿ ಕಾಫಿ ಕೊಡುತ್ತಾ, "ಡಾಕ್ಟ್ರೇ, ಔಷಧಿಗೆ ನಮಗೆ ಎಷ್ಟೋ ಜನ ಸಿಕ್ಕಿದ್ರು. ಮನೆಗೆ ಬರೋರೇ ಇರ್ಲಿಲ್ಲ," ಎಂದರು. ಉತ್ತರ ಹೇಳಲು ನಮ್ಮಲ್ಲಿ ಮಾತಿರಲಿಲ್ಲ.

ಮುಂದಿನ ಯುಗಾದಿಗೆ ಸಭಾಂಗಣದಲ್ಲಿ ಸುತ್ತ ಒಮ್ಮೆ ನೋಡಿ. ಬಹಳ ದಿನದಿಂದ ಕಾಣದ ಮುಖ ಯಾವುದೆಂದು ನೆನಪಿಸಿಕೊಳ್ಳಿ. ಕಾರಣ ಕೇಳಬೇಡಿ, ಫೋನ್ ಮಾಡಿ. ಸಾಧ್ಯವಾದರೆ ಹೋಗಿ ಬನ್ನಿ. ಶರಪಂಜರದ ದ್ವಿತೀಯಾರ್ಧವನ್ನು ಬದಲಾಯಿಸಲು ಪುಟ್ಟಣ್ಣನವರಿಂದ ಇನ್ನು ಸಾಧ್ಯವಿಲ್ಲ, ನಮ್ಮಿಂದ ಸಾಧ್ಯ.