ವರ್ಮೂತ್: ದವನದ ಬಂಧು ಬೆರೆತ ದ್ರಾಕ್ಷಿಮದ್ಯ

ಕಾನಹೊಸಹಳ್ಳಿ, ಕೂಡ್ಲಿಗಿ, ಹಡಗಲಿ ಸೀಮೆಯಲ್ಲಿ ದವನದ ಪರಿಮಳ ಅರಿಯದವರು ವಿರಳ. ಹೂಮಾಲೆಗಳಲ್ಲಿ ಸೇರುವ, ಚೈತ್ರದ ಹುಣ್ಣಿಮೆಗೆ ತನ್ನ ಹೆಸರನ್ನೇ ಕೊಟ್ಟಿರುವ ಈ ಗಿಡ 'ಆರ್ಟೆಮಿಸಿಯಾ' ಕುಲಕ್ಕೆ ಸೇರಿದುದು. ಇದೇ ಕುಲದ ಮತ್ತೊಂದು ಕಹಿ ಸಸ್ಯ ಯುರೋಪಿನಲ್ಲಿ ಒಂದು ಪಾನೀಯಕ್ಕೆ ಹೆಸರು ನೀಡಿದೆ. ಅದೇ ವರ್ಮೂತ್. ಆ ಸಸ್ಯದ ಜರ್ಮನ್ ಹೆಸರಾದ 'ವೆರ್ಮುಟ್' ಎಂಬುದೇ ಈ ಪದದ ಮೂಲ.

ಗಿಡಮೂಲಿಕೆಗಳನ್ನು ದ್ರಾಕ್ಷಿಮದ್ಯದಲ್ಲಿ ನೆನೆಸಿ ಹೊಟ್ಟೆಯ ಬಾಧೆಗೆ ಔಷಧಿಯಾಗಿ ಕುಡಿಯುವ ರೂಢಿ ಪ್ರಾಚೀನ ಗ್ರೀಸ್‌ನಷ್ಟು ಹಳೆಯದು. ಇಟಲಿಯ ಟ್ಯೂರಿನ್ ನಗರದಲ್ಲಿ 1786ರಲ್ಲಿ ಆಂಟೋನಿಯೊ ಬೆನೆಡೆಟ್ಟೊ ಕಾರ್ಪಾನೊ ಸಿಹಿ ವರ್ಮೂತನ್ನು ಮಾರುಕಟ್ಟೆಗೆ ತಂದನು. ಫ್ರಾನ್ಸಿನಲ್ಲಿ 1813ರಲ್ಲಿ ಜೋಸೆಫ್ ನೊಯಿಲಿ ಸಿಹಿ ಕಡಿಮೆಯಿರುವ ಬಗೆಯನ್ನು ರೂಪಿಸಿದನು. ಹೀಗೆ ಔಷಧಿಯಾಗಿದ್ದುದು ಊಟಕ್ಕೆ ಮುನ್ನ ಹಸಿವನ್ನು ಕೆರಳಿಸುವ ಪಾನೀಯವಾಯಿತು. ಮುಂದೆ ಮಾರ್ಟಿನಿ, ಮ್ಯಾನ್‌ಹಟನ್ ಮೊದಲಾದ ಮಿಶ್ರ ಪಾನೀಯಗಳಿಗೂ ಇದು ಅವಶ್ಯಕವೆನಿಸಿತು. ಕಹಿ, ಸಿಹಿ ಹಾಗೂ ಸುಗಂಧಗಳ ಹದವಾದ ಬೆರಕೆಯೇ ಇದರ ಆಕರ್ಷಣೆ.

ಐರೋಪ್ಯ ಒಕ್ಕೂಟದ ನಿಯಮದಂತೆ ವರ್ಮೂತಿನಲ್ಲಿ ಕನಿಷ್ಠ ಶೇ. 75ರಷ್ಟು ದ್ರಾಕ್ಷಿಮದ್ಯವಿರಬೇಕು. ಆರ್ಟೆಮಿಸಿಯಾ ಕುಲದ ಸಸ್ಯ ಕಡ್ಡಾಯ. ಜೊತೆಗೆ ದಾಲ್ಚಿನ್ನಿ, ಏಲಕ್ಕಿ, ಕಿತ್ತಳೆ ಸಿಪ್ಪೆಗಳನ್ನೂ ಬಳಸುವುದುಂಟು. ಬಟ್ಟಿ ಇಳಿಸಿದ ಮದ್ಯಸಾರ ಸೇರಿಸುವುದರಿಂದ ಇದರ ಮದ್ಯಾಂಶ ಶೇ. 14.5ರಿಂದ 22ರವರೆಗೆ ಇರುತ್ತದೆ.

ಕನ್ನಡಿಗರಿಗೆ ಇದರ ಹತ್ತಿರದ ಉದಾಹರಣೆ ಆಯುರ್ವೇದದ ದ್ರಾಕ್ಷಾರಿಷ್ಟ. ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ, ದಾಲ್ಚಿನ್ನಿ, ಏಲಕ್ಕಿ, ಹಿಪ್ಪಲಿ ಮುಂತಾದವನ್ನು ಬೆರೆಸಿ ಹುದುಗಿಸಲಾಗುತ್ತದೆ. ಹುದುಗಲು ಧಾತಕಿ ಹೂವು ನೆರವಾಗುತ್ತದೆ. ಕಷಾಯ ಮಾಡಿ ಹುದುಗಿಸಿದುದು ಅರಿಷ್ಟ, ಕಾಯಿಸದೆ ಹುದುಗಿಸಿದುದು ಆಸವ. ಇಲ್ಲಿ ಮದ್ಯಾಂಶ ಹುದುಗುವಿಕೆಯಿಂದ ತಾನಾಗಿಯೇ ಉಂಟಾಗುತ್ತದೆ, ಹೊರಗಿನಿಂದ ಸೇರಿಸುವುದಿಲ್ಲ.

ಸಾಮಗ್ರಿಗಳು ಹೋಲಿದರೂ ಬಳಕೆಯಲ್ಲಿ ವ್ಯತ್ಯಾಸವಿದೆ. ಶೇ. 10ರಷ್ಟು ಮದ್ಯಾಂಶವಿರುವ ಅರಿಷ್ಟವನ್ನು 24 ಮಿಲಿಲೀಟರ್ ಸೇವಿಸಿದರೆ ದೇಹ ಸೇರುವ ಮದ್ಯಸಾರ 2.4 ಮಿಲಿಲೀಟರ್. ಶೇ. 16ರ ವರ್ಮೂತನ್ನು 100 ಮಿಲಿಲೀಟರ್ ಕುಡಿದರೆ ಅದು 16 ಮಿಲಿಲೀಟರ್! ಪ್ರಮಾಣ ಮೀರಿದರೆ ಅರಿಷ್ಟವೂ ಮದ್ಯವೇ. ಮೂಲಿಕೆ ಬೆರೆತಿದೆ ಎಂಬ ಕಾರಣಕ್ಕೆ ಮದ್ಯಸಾರದ ದುಷ್ಪರಿಣಾಮ ಕಡಿಮೆಯಾಗುವುದಿಲ್ಲ. ಯಕೃತ್ತಿನ ತೊಂದರೆಯುಳ್ಳವರು ಮತ್ತು ಗರ್ಭಿಣಿಯರು ವರ್ಮೂತಿನಿಂದ ದೂರವಿರುವುದು ಲೇಸು. ಅರಿಷ್ಟವನ್ನಾದರೂ ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು.

ಔಷಧಿಯಾಗಿ ಹುಟ್ಟಿ ವಿಲಾಸದ ಪಾನೀಯವಾದ ವರ್ಮೂತಿನ ಕಥೆ ನೆನಪಿಸುವುದು ಇದನ್ನೇ: ಗಿಡ ಒಂದೇ ಕುಲದ್ದಾದರೂ, ದೇವರ ಮುಡಿಗೇರುವ ದವನಕ್ಕೂ ಬಟ್ಟಲು ಸೇರುವ ಅದರ ಬಂಧುವಿಗೂ ಅಂತರ ಬಹಳ.